ಬೋಳಾಗದ ಮರ

ಊರಿಗೆಲ್ಲ ನೀರು ಕಳಿಸುವ ಆ ಪಂಪ್‌ಹೌಸಿನ ಕಾಂಪೌಂಡಿನಲ್ಲಿ ತೋಟದ ಕೆಲಸಕ್ಕೆ ಇದ್ದವರು ಇಬ್ಬರೇ. ಒಬ್ಬರು ಮೇಸ್ತ್ರಿ, ಇನ್ನೊಬ್ಬಳು ಅವರ ಕೈಕೆಳಗಿನ ಮಾಲಿ ಅಕ್ಕ. ಮೇಸ್ತ್ರಿಯನ್ನು ಬೆನ್ನ ಹಿಂದೆ ಎಲ್ಲರೂ ಬುರುಡೆ ಮೇಸ್ತ್ರಿ ಎನ್ನುತ್ತಿದ್ದರು. ಮುಖದ ಮುಂದೆಯೂ ಎನ್ನುತ್ತಿದ್ದರು ಅನ್ನಿ, ಅವರು ಅದಕ್ಕೆಲ್ಲ ಬೇಜಾರು ಮಾಡಿಕೊಳ್ಳುವ ಪೈಕಿ ಅಲ್ಲ.

ಹೆಸರು ಸುಮ್ಮನೆ ಬಂದದ್ದಲ್ಲ. ಅವರು ಬೆಳೆದ ಕುಂಬಳಕಾಯಿಯನ್ನು ಕೊರೆದು ಇಟ್ಟಿದ್ದಾಗ ಬೆಕ್ಕೊಂದು ಒಳಗೆ ಹೊಕ್ಕು ಮೂರು ಮರಿ ಹಾಕಿತ್ತಂತೆ. ಅವರು ಕಸಿ ಕಟ್ಟಿದ ಗುಲಾಬಿಗೆ ಬೆಳಿಗ್ಗೆ ಒಂದು ಪರಿಮಳ, ಸಂಜೆ ಇನ್ನೊಂದಂತೆ. ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿ ಎಲ್ಲರೂ ಸಾಮಾನಿನ ಶೆಡ್ಡಿನಲ್ಲಿ ಕೂತರೆಂದರೆ ಮೇಸ್ತ್ರಿ ಶುರು. ಪಂಪ್ ಆಪರೇಟರ್ ನಗುತ್ತಾ ನಗುತ್ತಾ ನೆತ್ತಿಗೇರಿಸಿಕೊಳ್ಳುವನು. ಅಕ್ಕ ಮಾತ್ರ ಮೊದಲ ಎರಡು ವರ್ಷ ಕೇಳಿದಳು, ಆಮೇಲೆ ಹೂಂಗುಟ್ಟುವುದನ್ನು ಕಲಿತಳು. ಗಂಡ ಲಾರಿ ಡ್ರೈವರು, ಮನೆಗಿಂತ ರಸ್ತೆಯಲ್ಲಿರುವುದೇ ಹೆಚ್ಚು. ಒಬ್ಬಳೇ ಮಗಳನ್ನು ಸಾಕಿಕೊಂಡು ಹನ್ನೊಂದು ವರ್ಷದಿಂದ ಅಲ್ಲಿ ಗುದ್ದಲಿ ಹಿಡಿದವಳು. ಗುದ್ದಲಿ ಹಿಡಿಯುವುದನ್ನು ಕಲಿಸಿದವರೂ ಮೇಸ್ತ್ರಿಯೇ. ಬಾಯಲ್ಲಿ ಎಷ್ಟೇ ಬುರುಡೆ ಇರಲಿ, ಅವರ ಕೈಯಲ್ಲಿ ಒಂದು ದಿನವೂ ಸುಳ್ಳು ಕೆಲಸ ನಡೆದದ್ದನ್ನು ಅವಳು ಕಂಡಿರಲಿಲ್ಲ.

ಮೇಸ್ತ್ರಿ ಲಾರ್ಚ್ ಎಂದು ಕರೆಯುತ್ತಿದ್ದ ಬೆಟ್ಟದ ಗಿಡ ಅಲ್ಲಿಗೆ ಬಂದದ್ದು ಒಂದು ಕಾಯಿಯಿಂದ. ಬೆಟ್ಟದ ಕಡೆಯಿಂದ ವರ್ಗವಾಗಿ ಬಂದಿದ್ದ ಇಂಜಿನಿಯರ್ ಒಬ್ಬರು ಕಾಗದ ಹಾರದಿರಲಿ ಎಂದು ಅದನ್ನು ಮೇಜಿನ ಮೇಲೆ ಇಟ್ಟುಕೊಂಡಿದ್ದರು. ಮರದ ಹಾಗೆ ಗಟ್ಟಿಯಾದ, ಕೋಳಿಮೊಟ್ಟೆಗಿಂತ ಚಿಕ್ಕದಾದ ಕಂದು ಕಾಯಿ. ಹೋಗುವಾಗ ಮೇಸ್ತ್ರಿಯ ಕೈಗೆ ಕೊಟ್ಟು ಹೋದರು. ಮೇಸ್ತ್ರಿ ಅದನ್ನು ತಟ್ಟಿ ತಟ್ಟಿ ಬೀಜ ಉದುರಿಸಿ, ಒದ್ದೆ ಮರಳಿನಲ್ಲಿ ಕಲಸಿ, ಡಬ್ಬಿಯಲ್ಲಿ ತುಂಬಿ ವಾಲ್ವ್ ಕೋಣೆಯ ಕೆಳಗೆ ಇಟ್ಟರು. ಅಲ್ಲಿ ದೊಡ್ಡ ಪೈಪುಗಳು ವರ್ಷವಿಡೀ ಬೆವರುತ್ತವೆ, ಹೊಕ್ಕರೆ ಹಲ್ಲು ಕಟಕಟ ಎನ್ನುವಷ್ಟು ತಣ್ಣಗೆ. ಬೆಟ್ಟದ ಬೀಜಕ್ಕೆ ಒಂದು ಚಳಿಗಾಲ ಕಳೆದೆ ಅಂತ ಅನ್ನಿಸಬೇಕು, ಆಗಲೇ ಕಣ್ಣು ಬಿಡುವುದು ಎಂದರು. ಆರು ವಾರ ಇಟ್ಟು ಬಿತ್ತಿದರು. ಒಂಬತ್ತು ಮೊಳೆತವು, ಎಂಟು ಕುತ್ತಿಗೆ ಕೊಳೆತು ಮಲಗಿದವು. ಉಳಿದ ಒಂದನ್ನು ತಮ್ಮ ಮನೆಯ ಹಿತ್ತಲಲ್ಲಿ ಮೂರು ವರ್ಷ ಕುಂಡದಲ್ಲಿ ಸಾಕಿದರು. ಸೊಂಟದೆತ್ತರ ಬಂದ ಮೇಲೆ ಸೈಕಲ್ಲಿನ ಹಿಂದೆ ಕಟ್ಟಿಕೊಂಡು, ಮಗುವನ್ನು ಶಾಲೆಗೆ ಸೇರಿಸಲು ಬಂದವರ ಹಾಗೆ ಬಂದರು.

ನೀರಿನ ತೊಟ್ಟಿಯ ಪೂರ್ವಕ್ಕೆ, ಇಳಿಜಾರಿನಲ್ಲಿ, ನೀರು ನಿಲ್ಲದ ಕಡೆ ನೆಟ್ಟರು. ಊರುಗೋಲು ಕೊಟ್ಟು ಹಳೆಯ ಸೀರೆಯ ಪಟ್ಟಿಯಿಂದ ಸಡಿಲವಾಗಿ ಕಟ್ಟಿದರು. ಬುಡಕ್ಕೆ ಒಣ ಎಲೆ ಹರಡಿದರು, ಆದರೆ ಕಾಂಡಕ್ಕೆ ತಾಗದ ಹಾಗೆ. ಆಮೇಲೆ ಶೆಡ್ಡಿಗೆ ಬಂದು ಘೋಷಣೆ ಮಾಡಿದರು.

"ನೋಡ್ರಪ್ಪಾ, ಇದು ಸೂಜಿ ಎಲೆ ಜಾತಿ. ಆದ್ರೆ ಚಳಿಗಾಲ ಬಂದ್ರೆ ಚಿನ್ನದ ಬಣ್ಣಕ್ಕೆ ತಿರುಗಿ ಪೂರಾ ಬೋಳಾಗುತ್ತೆ. ಒಂದೆಲೆ ಉಳಿಯಲ್ಲ. ಚಳಿ ಹೋದ್ಮೇಲೆ ಮತ್ತೆ ಚಿಗುರುತ್ತೆ."

"ಸೂಜಿ ಎಲೆ ಮರ ಬೋಳಾಗೋದಾ?" ಆಪರೇಟರ್ ಕೇಳಿದ. "ಬೆಕ್ಕಿನ ಮರಿ ಹುಟ್ಟಲ್ವಾ ಅದರಲ್ಲಿ?"

"ಲೋ, ಮುಂದಿನ ಚಳಿಗಾಲಕ್ಕೆ ಅದು ಬೋಳಾಗ್ಲಿಲ್ಲ ಅಂದ್ರೆ ನನ್ನ ಮೀಸೆ ಬೋಳಿಸ್ಕೋತೀನಿ. ಆಯ್ತಾ?"

ಮೇಸ್ತ್ರಿಯ ಮೀಸೆ ಎಂದರೆ ಅಂತಿಂಥ ಮೀಸೆಯಲ್ಲ. ಎರಡೂ ಕಡೆ ಗಲ್ಲದವರೆಗೆ ಇಳಿದು ಮತ್ತೆ ಮೇಲಕ್ಕೆ ತಿರುಗಿದ್ದು. ಆಫೀಸಿನ ಮೇಡಂ ಕೂಡ ಹೊಸಬರಿಗೆ ದಾರಿ ಹೇಳುವಾಗ "ಆ ಮೀಸೆಯವರನ್ನ ಕೇಳಿ" ಎನ್ನುತ್ತಿದ್ದರು. ಎಲ್ಲರೂ ಗೊಳ್ಳೆಂದು ನಕ್ಕರು. ಅಕ್ಕ ಡಬ್ಬಿ ತೊಳೆಯುತ್ತಿದ್ದಳು. ಕೇಳಿಸಿತು, ತಲೆಗೆ ಹೋಗಲಿಲ್ಲ.

ಅದೇ ವರ್ಷ ಚಳಿ ಶುರುವಾಗುವ ಹೊತ್ತಿಗೆ ಮೇಸ್ತ್ರಿಗೆ ಎರಡೂ ಕಣ್ಣಿನ ಪೊರೆ ತೆಗೆಸಬೇಕಾಗಿ ಬಂತು. ಒಂದಾದ ಮೇಲೆ ಒಂದು, ನಡುವೆ ವಿಶ್ರಾಂತಿ, ಒಟ್ಟು ಮೂರು ತಿಂಗಳ ರಜೆ. ಹೋಗುವ ದಿನ ಅವಳನ್ನು ಗಿಡದ ಹತ್ತಿರ ಕರೆದುಕೊಂಡು ಹೋದರು.

"ತಂಗೀ, ಇದು ನಿನ್ನ ಕೈಲಿ. ಎಲೆ ಉದುರುತ್ತೆ, ಹೆದರ್ಕೋಬೇಡ. ಮೊದಲ ವರ್ಷ ಬೇರು ಮೇಲೇ ಇರುತ್ತೆ, ಮಣ್ಣು ಒಣಗೋಕೆ ಬಿಡಬೇಡ. ಅಷ್ಟೇ."

"ಆಯ್ತು ಮೇಸ್ತ್ರಿ, ನೀವು ಕಣ್ಣು ನೋಡ್ಕೊಳ್ಳಿ" ಎಂದಳು ಅಕ್ಕ. ಅವಳ ಮನಸ್ಸೆಲ್ಲ ಮಗಳ ಹತ್ತಿರವಿತ್ತು. ಮಗಳಿಗೆ ತುಂಬಿದ ದಿನ.

ಹೆರಿಗೆ ಸುಸೂತ್ರವಾಗಲಿಲ್ಲ. ಹತ್ತು ದಿನ ಅಕ್ಕ ಬೆಳಿಗ್ಗೆ ಕೆಲಸಕ್ಕೆ ಬಂದು ಸಹಿ ಮಾಡಿ, ಗೇಟಿನ ಹತ್ತಿರದ ಹೂಗಿಡಗಳಿಗೆ ಪೈಪು ಬಿಟ್ಟು, ಆಸ್ಪತ್ರೆಗೆ ಓಡಿದಳು. ತೊಟ್ಟಿಯ ಆಚೆ ಹೋಗಲೇ ಇಲ್ಲ. ಹೋಗಲಿಲ್ಲ ಎಂಬುದು ನೆನಪಾದದ್ದು ಹನ್ನೊಂದನೆಯ ದಿನ, ಮಗಳು ಮೊಮ್ಮಗು ಇಬ್ಬರೂ ಮನೆಗೆ ಬಂದು ಮಲಗಿದ ಮೇಲೆ. ಓಡಿ ಬಂದು ನೋಡುತ್ತಾಳೆ: ಗಿಡಕ್ಕೆ ಗಿಡವೇ ಹಳದಿ. ಮುಟ್ಟಿದರೆ ಸೂಜಿಗಳು ಜರ‍್ರನೆ ಕೈಗೆ ಬಂದವು. ಬುಡದ ಮಣ್ಣು ಬಿರುಕು ಬಿಟ್ಟಿತ್ತು.

ಈಗ ನೀವು ಕೇಳಬಹುದು, ಮೇಸ್ತ್ರಿ ಹೇಳಿ ಹೋಗಿದ್ದರಲ್ಲ ಮಾರಾಯ್ರೇ, ನೆನಪಾಗಲಿಲ್ಲವೇ ಎಂದು. ನೆನಪಾಯಿತು. ಆದರೆ ಕುಂಬಳಕಾಯಿಯ ಬೆಕ್ಕನ್ನು ನಂಬದವಳು ಇದನ್ನು ನಂಬುತ್ತಾಳೆಯೇ? ತಪ್ಪದೆ ನೀರು ಹಾಕಿದ್ದರೆ ನಂಬುತ್ತಿದ್ದಳೇನೋ. ಹಾಕಿರಲಿಲ್ಲ. ತನ್ನ ತಪ್ಪು ಕಣ್ಣಿಗೆ ಹೊಡೆಯುತ್ತಿರುವಾಗ ಅದಕ್ಕೊಂದು ನೆಪ ಹುಡುಕಲು ಅವಳಿಗೆ ನಾಚಿಕೆಯಾಯಿತು. ಬಕೆಟ್ಟುಗಟ್ಟಲೆ ಹೊತ್ತು ಸುರಿದಳು. ಸುರಿದಷ್ಟೂ ಉದುರಿತು. ತಿಂಗಳು ಕಳೆಯುವುದರೊಳಗೆ ಊರುಗೋಲಿನ ಪಕ್ಕ ಇನ್ನೊಂದು ಕೋಲು ನಿಂತಿತ್ತು, ಅಷ್ಟೇ.

ಇನ್ನೂ ಒಂದು ತಿಂಗಳಿಗೂ ಹೆಚ್ಚು ಅವಳು ಅದನ್ನು ನೋಡಿಕೊಂಡೇ ಓಡಾಡಿದಳು. ಆ ದಿನಗಳಲ್ಲಿ ತೊಟ್ಟಿಯ ಆಚೆ ಅವಳಲ್ಲದೆ ಬೇರೆ ಯಾರೂ ಕಾಲಿಡುತ್ತಿರಲಿಲ್ಲ. ಮೇಸ್ತ್ರಿ ಬರಲು ಇನ್ನು ಒಂದು ವಾರ ಎನ್ನುವಾಗ ತಡೆಯಲಾಗದೆ ರಿಂಗ್ ರೋಡಿನ ನರ್ಸರಿಗೆ ಹೋದಳು. ಅಂಥದೇ ಒಂದು ಗಿಡ ಅಲ್ಲಿತ್ತು. ಅದೇ ಎತ್ತರ, ಅದೇ ರೀತಿ ಕುಚ್ಚು ಕುಚ್ಚಾಗಿ ಸೂಜಿಗಳು, ಕೊಂಬೆಯೂ ಹಾಗೆಯೇ ಬಾಗಿದ್ದು. ಪಕ್ಕಪಕ್ಕದಲ್ಲಿ ನಿಲ್ಲಿಸಿದರೆ ಅಣ್ಣತಮ್ಮ. ನರ್ಸರಿಯವನು ದೇವದಾರು ಎಂದ. ಹೆಸರು ಕಟ್ಟಿಕೊಂಡು ಅವಳಿಗೇನಾಗಬೇಕು? ಬೆಟ್ಟದ ಮರಗಳ ಪರಿಚಯ ಆ ಕಾಂಪೌಂಡಿನಲ್ಲಿ ಯಾರಿಗೂ ಇರಲಿಲ್ಲ. ಮೇಸ್ತ್ರಿಗೂ ಅದೊಂದೇ.

ಭಾನುವಾರ ಬೆಳಿಗ್ಗೆ ಆ ಗಿಡ ಹೊತ್ತು ಬಂದಳು. ಆಪರೇಟರ್ ಮೋಟಾರಿನ ಸದ್ದಿಗೇ ನಿದ್ದೆ ಹೋಗಿದ್ದ. ಗುದ್ದಲಿ ಹಾಕಿದಳು. ಮೂರನೆಯ ಏಟಿಗೆ ಬೆರಳು ಗಾತ್ರದ ಬೇರೊಂದು ತುಂಡಾಯಿತು. ಅವಳು ನೋಡಿದಳು. ಒಳಗೆ ಬೆಳ್ಳಗೆ, ಹಸಿಹಸಿಯಾಗಿತ್ತು. ಅಂಟಿನ ಘಾಟು ಮೂಗಿಗೆ ಹೊಡೆಯಿತು. ಹನ್ನೊಂದು ವರ್ಷ ಗಿಡಗಳ ಜೊತೆ ಬದುಕಿದವಳಿಗೆ ಅದರ ಅರ್ಥ ಗೊತ್ತಿರಲಿಲ್ಲವೆಂದರೆ ಯಾರು ನಂಬುತ್ತಾರೆ? ಕೈ ನಿಂತಿತು. ಆದರೆ ಹೊಸ ಗಿಡ ಆಗಲೇ ಪಕ್ಕದಲ್ಲಿತ್ತು, ಗುಂಡಿ ಅರ್ಧ ತೋಡಿಯಾಗಿತ್ತು, ಗೇಟಿನ ಆಚೆ ಯಾರೋ ಕೆಮ್ಮಿದರು. ನೀರು ಜಾಸ್ತಿ ಕುಡಿದಿದೆ, ಅದಕ್ಕೇ ಹಸಿ ಎಂದು ತನಗೆ ತಾನೇ ಹೇಳಿಕೊಂಡು ಉಳಿದದ್ದನ್ನು ಕಿತ್ತಳು. ಮೂರು ತುಂಡು ಮಾಡಿ ಕಸದ ಗುಂಡಿಗೆ ಹಾಕಿ ಮೇಲೆ ಎಲೆ ಎಳೆದಳು.

ಮೇಸ್ತ್ರಿ ಕಪ್ಪು ಕನ್ನಡಕ ಹಾಕಿಕೊಂಡು ಬಂದರು. ಬಂದವರೇ ತೊಟ್ಟಿಯ ಕಡೆ ನಡೆದರು. ಅಕ್ಕ ಗುದ್ದಲಿ ಕೆಳಗಿಟ್ಟು ಹಿಂದೆಯೇ ಹೋದಳು.

"ಇದೇನು, ಉದುರಿಸೇ ಇಲ್ವಲ್ಲ!"

"ಇಲ್ಲ ಮೇಸ್ತ್ರಿ. ಹಾಗೇ ಇತ್ತು."

ಅವರು ಸೂಜಿಗಳ ಮೇಲೆ ಕೈಯಾಡಿಸಿದರು. "ಎಲೆನೂ ಗಡುಸಾಗಿದೆ. ಮುಂಚೆ ಮಗು ಕೂದಲಿನ ಹಾಗಿತ್ತು."

"ನೆಲಕ್ಕೆ ಹಾಕಿದ್ದಕ್ಕೇನೋ."

"ಇರಬಹುದು. ಹೊಸ ಜಾಗ, ಈ ಚಳಿಗಾಲ ಲೆಕ್ಕಕ್ಕೆ ಬೇಡ, ಮುಂದಿನದಕ್ಕೆ ನೋಡೋಣ. ಮನೇಲಿ ಮೂರು ವರ್ಷನೂ ಉದುರಿಸಿತ್ತು ಕಣಮ್ಮ."

ಅಯ್ಯೋ, ಅಲ್ಲೇ, ಆ ಗಳಿಗೆಯಲ್ಲೇ ಬಾಯಿ ಬಿಟ್ಟಿದ್ದರೆ ಆಗುತ್ತಿತ್ತು. ಮೂರು ವರ್ಷ ಉದುರಿಸಿತ್ತು ಎನ್ನುವುದೂ ಬುರುಡೆಯೇ ಇರಬೇಕು ಎಂದುಕೊಂಡಳು. ಹಾಗೆ ಅಂದುಕೊಳ್ಳುವುದು ಅವಳಿಗೆ ಬೇಕಾಗಿತ್ತು.

ಮುಂದಿನ ಚಳಿಗಾಲ ಬಂತು. ಉಳಿದ ಮರಗಳಲ್ಲಿ ಎಷ್ಟೋ ಬೋಳಾದವು, ಅದು ಮಾತ್ರ ಹಸಿರಾಗಿ ಜಮ್ಮೆಂದು ನಿಂತಿತ್ತು. ಆಪರೇಟರ್ ದಿನಾ ಕೇಳುವನು, "ಮೇಸ್ತ್ರಿ, ಕತ್ತರಿ ತರ್ಲಾ?" ಚಳಿ ಮುಗಿಯುವವರೆಗೂ ಕಾಯ್ತೀನಿ ಎಂದರು. ಕಾದರು. ಒಂದು ಸೋಮವಾರ ಬೆಳಿಗ್ಗೆ ಗೇಟಿನಲ್ಲಿ ಯಾರೋ ಅಪರಿಚಿತರು ಬಂದ ಹಾಗಾಯಿತು. ಮೇಸ್ತ್ರಿ! ಮೂಗಿನ ಕೆಳಗೆ ಬಿಳಿಚಿಕೊಂಡ ಚರ್ಮ, ತುಟಿ ಎಷ್ಟು ತೆಳ್ಳಗೆ ಎಂದು ಅಂದೇ ಎಲ್ಲರಿಗೂ ಗೊತ್ತಾದದ್ದು. ಶೆಡ್ಡಿನಲ್ಲಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಅಕ್ಕನೂ ನಕ್ಕಳು, ಎಲ್ಲರಿಗಿಂತ ಒಂದು ಕೈ ಜಾಸ್ತಿ. ನಗದಿದ್ದರೆ ಯಾರಾದರೂ ತನ್ನ ಮುಖ ನೋಡಿಯಾರು ಎಂಬ ಭಯ.

"ಮಾತು ಅಂದ್ರೆ ಮಾತು" ಎಂದರು ಮೇಸ್ತ್ರಿ, ನಗುತ್ತಲೇ. ಮೀಸೆ ಮತ್ತೆ ಬೆಳೆಯುತ್ತದೆ ಎಂದು ಎಲ್ಲರೂ ತಿಳಿದರು. ಅವರು ಬೆಳೆಸಲಿಲ್ಲ.

ಆ ವರ್ಷದಿಂದ ಶೆಡ್ಡಿನಲ್ಲಿ ಕಥೆ ನಿಂತಿತು. ಯಾವುದಾದರೂ ಶುರು ಮಾಡಿದರೂ ನಡುವೆ ತಡೆದು, "ಹಾಗಿತ್ತು ಅಂತ ನೆನಪು, ಸರಿಯಾಗಿ ಗೊತ್ತಿಲ್ಲಪ್ಪ" ಎಂದುಬಿಡುವರು. ಬುರುಡೆ ಬಿಡುವವರು ಹಾಗೆಂದರೆ ಇನ್ನೇನು ಉಳಿಯಿತು? ಊಟದ ಹೊತ್ತಿನಲ್ಲಿ ಡಬ್ಬಿಯ ಮುಚ್ಚಳದ ಸದ್ದು ಕೇಳಿಸತೊಡಗಿತು.

ಆ ಮರದ ಹಿಂದೆ ಮಾತ್ರ ಬಿದ್ದರು. ಒಂದು ವರ್ಷ ನೀರು ಕಮ್ಮಿ ಮಾಡಿದರು, ಮೋಟಾರ್ ಕೋಣೆಯ ಗೋಡೆಯ ಶಾಖ ತಾಗುತ್ತಿದೆ ಎಂದು ಇನ್ನೊಂದು ವರ್ಷ ನಡುವೆ ತಗಡು ಕಟ್ಟಿದರು, ತೊಟ್ಟಿಗೆ ಹಾಕುವ ಔಷಧ ಬೇರಿಗೆ ಇಳಿದಿದೆಯೇನೋ ಎಂದು ಸುತ್ತ ಮಣ್ಣು ತೆಗೆದು ಹೊಸ ಮಣ್ಣು ತುಂಬಿದರು. ಗಾಳಿ, ನೀರು, ಬೀಜ ಕೊಟ್ಟ ಇಂಜಿನಿಯರು, ತಮ್ಮ ಕಣ್ಣು, ಎಲ್ಲದರ ಮೇಲೂ ಅನುಮಾನ ಪಟ್ಟರು. ಅವಳ ಮೇಲೆ ಪಡಲಿಲ್ಲ. ಮಣ್ಣು ತುಂಬುವಾಗ ಬುಟ್ಟಿ ಹೊತ್ತು ಕೊಟ್ಟವಳು ಅಕ್ಕನೇ. ಒಂದೊಂದು ಬುಟ್ಟಿ ಇಳಿಸುವಾಗಲೂ ಈಗ ಹೇಳುತ್ತೇನೆ ಎಂದುಕೊಳ್ಳುವಳು. ಬುಟ್ಟಿ ಖಾಲಿಯಾದೊಡನೆ ಇನ್ನೊಂದು ತರಲು ಹೋಗುವಳು.

ಒಂದು ದಿನ ಕಳೆ ಕೀಳುತ್ತಾ ಅವರು ಮೆಲ್ಲಗೆ ಕೇಳಿದರು. "ತಂಗೀ, ನಾನು ಹಿತ್ತಲಲ್ಲಿ ಅದು ಬೋಳಾಗಿದ್ದನ್ನ ನೋಡಿದ್ದು ನಿಜಾನಾ? ನಂಗೇ ಹಾಗೆ ಅನ್ನಿಸಿದ್ದಾ? ಈಚೀಚೆಗೆ ಯಾವುದು ನಡೆದದ್ದು, ಯಾವುದು ನಾನು ಹೇಳಿ ಹೇಳಿ ನಡೆದ ಹಾಗಾಗಿದ್ದು ಅಂತ ಗೊತ್ತಾಗಲ್ಲ."

"ಹೋಗ್ಲಿ ಬಿಡಿ ಮೇಸ್ತ್ರಿ. ಒಂದು ಮರಕ್ಕೆ ಅಷ್ಟು ತಲೆ ಕೆಡಿಸ್ಕೋತಾರಾ?" ಎಂದಳು. ಅಂದು ಮನೆಗೆ ಹೋಗಿ ಅನ್ನ ತಟ್ಟೆಗೆ ಹಾಕಿಕೊಂಡವಳು ಹಾಗೇ ಮುಚ್ಚಿಟ್ಟಳು.

ಗಿಡ ಕಿತ್ತ ಆರನೆಯ ವರ್ಷ ಅಳಿಯನಿಗೆ ಬೆಟ್ಟದ ಕಡೆಯ ಊರಿಗೆ ವರ್ಗವಾಗಿತ್ತು. ಮಗಳಿಗೆ ಎರಡನೆಯ ಹೆರಿಗೆ. ಅಕ್ಕ ಎರಡು ತಿಂಗಳ ರಜೆ ಹಾಕಿ ಹೋದಳು. ಅಡುಗೆಮನೆಯ ಕಿಟಕಿಯಿಂದ ನೋಡಿದರೆ ಎದುರು ರಸ್ತೆಯ ಉದ್ದಕ್ಕೂ ಸಾಲು ಮರ, ಎಲ್ಲಾ ಬರೀ ಕಡ್ಡಿ.

"ಪಾಪ, ಇಷ್ಟೂ ಒಣಗಿ ಹೋಗಿವೆಯಲ್ಲೇ" ಎಂದಳು ಅಕ್ಕ.

"ಒಣಗಿಲ್ಲಮ್ಮ, ಪ್ರತಿ ಚಳಿಗಾಲಕ್ಕೂ ಹೀಗೇನಂತೆ. ಲಾರ್ಚ್ ಅಂತಾರೆ ಅದನ್ನ" ಎಂದಳು ಮಗಳು, ಮಗುವಿನ ಬಟ್ಟೆ ಮಡಿಸುತ್ತಾ.

ಅಕ್ಕನ ಕೈಯಲ್ಲಿದ್ದ ಸೌಟು ಸಿಂಕಿಗೆ ಬಿತ್ತು. ಅಂದಿನಿಂದ ಹಾಲು ತರುವ ನೆಪದಲ್ಲಿ ದಿನಾ ಹೋಗಿ ಒಂದೊಂದು ಕೊಂಬೆಯನ್ನೂ ಹಿಡಿದು ನೋಡುವುದೇ ಕೆಲಸವಾಯಿತು. ಚಿಗುರದಿರಲಿ, ದೇವರೇ, ಇವು ಸತ್ತಿರಲಿ ಎಂದು ಬೇಡಿಕೊಂಡಳು. ಗಿಡ ಸಾಕುವವಳು ಬೇಡುವ ಮಾತೇ ಅದು? ಐದನೆಯ ವಾರ ಕೊಂಬೆಗಳ ಗಂಟುಗಳಲ್ಲಿ ಹಸಿರು ಚುಕ್ಕೆ ಕಾಣಿಸಿತು. ಇನ್ನೊಂದು ವಾರಕ್ಕೆ ಅವು ಪುಟ್ಟ ಪುಟ್ಟ ಕುಂಚಗಳಾದವು. ಮುಟ್ಟಿದಳು. ಮಗುವಿನ ಕೂದಲಿನ ಹಾಗೆಯೇ ಇತ್ತು. ಹಾಲಿನ ಪಾತ್ರೆ ಕಾಲ ಬಳಿ ಇಟ್ಟು ಬೀದಿಯಲ್ಲೇ ಅತ್ತಳು.

ಮನೆಗೆ ಬಂದಾಗ ಮಗಳು ಗಾಬರಿಯಾಗಿ ಕೇಳಿದಳು, "ಏನಾಯ್ತಮ್ಮ?"

"ಏನಿಲ್ಲ. ಮೇಸ್ತ್ರಿ ಮೀಸೆ ನೆನಪಾಯ್ತು."

ಮಗಳು ನಕ್ಕಳು. ನಗುವ ಮಾತೇ ತಾನೆ.

ವಾಪಸು ಬರುವಾಗ ಒಂದು ರೆಂಬೆ ಮುರಿದು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದಳು. ಮೇಸ್ತ್ರಿ ಶೆಡ್ಡಿನಲ್ಲಿ ಕುಡುಗೋಲು ಮಸೆಯುತ್ತಿದ್ದರು. ನಿಂತುಕೊಂಡೇ, ಎಲ್ಲೂ ತಡೆಯದೆ ಹೇಳಿದಳು. ನೀರು ಹಾಕದ್ದು, ಹಳದಿಯಾದದ್ದು, ನರ್ಸರಿ, ಭಾನುವಾರ. ರೆಂಬೆಯನ್ನು ಅವರ ತೊಡೆಯ ಮೇಲಿಟ್ಟಳು. "ನೀವು ಹೇಳಿದ್ದೆಲ್ಲಾ ನಿಜ ಮೇಸ್ತ್ರಿ. ನಾನೇ ಸುಳ್ಳು ಮಾಡ್ದೆ. ಹೊಡೀರಿ, ಬೈರಿ, ಏನು ಬೇಕಾದ್ರೂ ಮಾಡಿ."

ಮೇಸ್ತ್ರಿ ರೆಂಬೆಯನ್ನು ಮೂಗಿಗೆ ಹಿಡಿದರು. ಕುಚ್ಚುಗಳನ್ನು ಕೆನ್ನೆಗೆ ಒತ್ತಿಕೊಂಡರು. ಕುಡುಗೋಲು ಎಸೆದು ಎದ್ದೇಬಿಟ್ಟರು.

"ಹಾಗಾದ್ರೆ ನಂಗೆ ಅರಳುಮರಳಾಗಿಲ್ಲ!"

"ಇಲ್ಲ ಮೇಸ್ತ್ರಿ."

"ಉದುರಿಸಿತ್ತಾ? ನೀನೇ ಕಣ್ಣಾರೆ ನೋಡಿದ್ಯಾ? ಪೂರಾ?"

"ಒಂದೆಲೆ ಉಳಿದಿರಲಿಲ್ಲ."

"ಬಾ ಇಲ್ಲಿ!" ಎಂದು ಅವಳ ಕೈ ಹಿಡಿದು ಎಳೆದುಕೊಂಡೇ ಮೋಟಾರ್ ಕೋಣೆಗೆ ಹೋದರು. "ಲೋ ಆಪರೇಟರ್, ಕೇಳೋ! ಹೇಳಮ್ಮ, ಇವನಿಗೂ ಹೇಳು!" ಮೋಟಾರಿನ ಸದ್ದಿನ ನಡುವೆ ಅವಳು ಕೂಗಿ ಕೂಗಿ ಮತ್ತೆ ಎಲ್ಲವನ್ನೂ ಹೇಳಬೇಕಾಯಿತು. ಆಮೇಲೆ ಆಫೀಸಿನಲ್ಲಿ, ಮೇಡಂ ಮುಂದೆ. ಆಪರೇಟರನ ಮುಖ ಇಂಗು ತಿಂದ ಹಾಗಾಗಿತ್ತು. "ಏನೋ ತಮಾಷೆಗೆ ಅಂದಿದ್ದು ಮೇಸ್ತ್ರಿ" ಎಂದ. "ನನ್ನ ಮೀಸೆ ತಮಾಷೆನಾ?" ಎಂದು ಮೇಸ್ತ್ರಿ ಗಹಗಹಿಸಿ ನಕ್ಕರು. ಮೀಸೆ ಹೋದ ಮೇಲೆ ಅವರು ಹಾಗೆ ನಕ್ಕಿರಲಿಲ್ಲ. ಅವಳಿಗೆ ಒಂದು ಬೈಗುಳವೂ ಸಿಗಲಿಲ್ಲ. ನಾಲ್ಕು ಬೈದಿದ್ದರೆ ಎದೆ ಹಗುರವಾಗುತ್ತಿತ್ತು. ಇಷ್ಟು ದಿನ ಈ ಮನುಷ್ಯನಿಂದ ತಾನು ಏನು ಕಿತ್ತುಕೊಂಡಿದ್ದೆ ಎಂಬುದು ಆ ನಗು ಕೇಳಿದ ಮೇಲೆಯೇ ಅವಳಿಗೆ ಪೂರ್ತಿ ಅರ್ಥವಾಯಿತು.

ಶೆಡ್ಡಿಗೆ ವಾಪಸು ಬರುವಾಗ ದೇವದಾರಿನ ಹತ್ತಿರ ಮೇಸ್ತ್ರಿಯ ಹೆಜ್ಜೆ ನಿಧಾನವಾಯಿತು. ರೆಂಬೆ ಇನ್ನೂ ಕೈಯಲ್ಲಿತ್ತು.

"ಅಂದ್ರೆ ಅದು ಬದುಕಿತ್ತು" ಎಂದರು.

ಅವಳು ದೇವದಾರಿನ ಬುಡ ನೋಡಿದಳು.

"ನೀರಿಲ್ದೆ ಬೇರು ಸತ್ತಿರಬೇಕು ಬಿಡು. ಕೀಳುವಾಗ ಕಪ್ಪಾಗಿತ್ತು, ಅಲ್ವಾ? ಬೇರು ನೋಡಿರ್ತೀಯ. ಬದುಕಿದ್ದನ್ನ ಕೀಳೋಳಲ್ಲ ನೀನು."

ಹೂಂ ಎಂದುಬಿಡಬಹುದಿತ್ತು. ಮೇಸ್ತ್ರಿಗೆ ಬೇಕಾಗಿದ್ದದ್ದೂ ಅದೇ. ಅವಳನ್ನು ಕ್ಷಮಿಸಲು ಅವರು ತಾವೇ ಬಾಗಿಲು ತೆರೆದು ಹಿಡಿದು ನಿಂತಿದ್ದರು. ಒಂದು ಹೂಂ, ಅಷ್ಟೇ ಸಾಕಿತ್ತು. ಆರು ವರ್ಷ ಸುಳ್ಳು ನುಂಗಿದವಳಿಗೆ ಇನ್ನೊಂದು ಭಾರವೇ?

"ಬೆಳ್ಳಗಿತ್ತು ಮೇಸ್ತ್ರಿ" ಎಂದಳು. "ಹಸಿಯಾಗಿತ್ತು. ನೋಡಿದೆ. ನೋಡಿಯೂ ಕಿತ್ತೆ."

ಮೇಸ್ತ್ರಿ ರೆಂಬೆಯನ್ನು ಜೇಬಿಗೆ ಸಿಕ್ಕಿಸಿಕೊಂಡು ಶೆಡ್ಡಿಗೆ ಹೋಗಿ ಕುಡುಗೋಲು ಮಸೆಯಲು ಕೂತರು.

ಈಗ ಮೀಸೆ ಮತ್ತೆ ಬೆಳೆದಿದೆ, ಪೂರಾ ಬೆಳ್ಳಗೆ. ಶೆಡ್ಡಿನಲ್ಲಿ ಕಥೆಗಳೂ ಮರಳಿವೆ. ಎಲ್ಲಕ್ಕಿಂತ ಹೆಚ್ಚು ಹೇಳುವುದು ಲಾರ್ಚಿನ ಕಥೆಯನ್ನೇ. ಬೀಜವನ್ನು ಚಳಿಗೆ ಇಟ್ಟದ್ದರಿಂದ ಹಿಡಿದು ಒಂದನ್ನೂ ಬಿಡದೆ ಹೇಳುತ್ತಾರೆ. ಗಿಡ ಹೋದ ಕಡೆ ಬಂದಾಗ ಮಾತ್ರ, "ಯಾರೋ ತಿಳೀದೆ ಕಿತ್ತುಬಿಟ್ರು" ಎಂದು ದಾಟಿಸುತ್ತಾರೆ. ಹೊಸಬರು ಯಾರು ಎಂದು ಕೇಳಿದರೆ "ಯಾರೋ" ಎನ್ನುತ್ತಾರೆ. ಮೂಲೆಯಲ್ಲಿ ಕೂತ ಅಕ್ಕ ತಟ್ಟೆಯಿಂದ ತಲೆ ಎತ್ತುವುದಿಲ್ಲ. ಅವಳೊಂದಿಗೆ ಮೇಸ್ತ್ರಿ ಮಾತು ಬಿಟ್ಟಿಲ್ಲ, ಮೊದಲಿನ ಹಾಗೆ ತಂಗೀ ಎಂದೇ ಕರೆಯುತ್ತಾರೆ.

ಮೊನ್ನೆ ಗೇಟಿನ ಬಳಿಯ ದಾಸವಾಳ ಒಂದು ಒಣಗಿತು. ಅಕ್ಕ ಗುದ್ದಲಿ ತೆಗೆದುಕೊಂಡು, "ಮೇಸ್ತ್ರಿ, ಗೇಟಿನ ಹತ್ತಿರದ್ದು ಸತ್ತಿದೆ, ಕಿತ್ತುಬಿಡ್ತೀನಿ" ಎಂದು ಕೂಗಿದಳು.

"ತಡಿ" ಎಂದರು.

ಮಂಡಿ ನೋವಿನ ಮನುಷ್ಯ, ಅಷ್ಟು ದೂರದಿಂದ ನಡೆದು ಬಂದರು. ಅವಳ ಮುಖ ನೋಡಲಿಲ್ಲ. ಒಂದು ಕೈಯನ್ನು ನೆಲಕ್ಕೂರಿ ಕಷ್ಟಪಟ್ಟು ಕೂತು, ಬುಡದ ಮಣ್ಣನ್ನು ಬೆರಳಿನಿಂದ ಸರಿಸಿ, ಉಗುರಿನಿಂದ ತೊಗಟೆ ಕೆರೆದು, ಕನ್ನಡಕ ಮೇಲೆತ್ತಿ ಬಹಳ ಹೊತ್ತು ನೋಡಿದರು.

"ಹೂಂ, ಸತ್ತಿದೆ. ಕೀಳಮ್ಮ" ಎಂದರು.